ಎಂಬತ್ತು ಮೀಟರ್

ಕಡತದ ಹದಿನೇಳನೆಯ ಪುಟದಲ್ಲಿ ಆ ಸಾಲಿತ್ತು. ಹೊಳೆ ದಾಟುವ ಜಾಗದಲ್ಲಿ ಮೊದಲನೆಯ ಕೇಬಲ್ಲಿಗೂ ಎರಡನೆಯ ಕೇಬಲ್ಲಿಗೂ ನಡುವಿನ ಅಂತರ ಎಂಬತ್ತು ಮೀಟರ್. ಗಜಕಡ್ಡಿ ಅದನ್ನು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ಅವಳ ಕಿವಿ ಬಿಸಿಯಾಯಿತು. ಆ ಹೊಳೆಯ ಎರಡೂ ದಂಡೆ ಅವಳಿಗೆ ಅಂಗೈಯಷ್ಟು ಪರಿಚಯ. ಅಲ್ಲಿರುವುದು ಒಂದೇ ಸೇತುವೆ. ಸೇತುವೆಯಿಂದ ಎಂಬತ್ತು ಮೀಟರ್ ಆಚೆ ಬರೀ ನೀರು, ನೀರಿನ ಮೇಲೆ ಗಾಳಿ. ಹಾಗಾದರೆ ಎರಡನೆಯ ಕೇಬಲ್ ಹೊಳೆ ದಾಟಿದ್ದು ಹೇಗೆ, ಈಜಿಕೊಂಡೇ?

ಕೊನೆಯ ಪುಟದಲ್ಲಿ ಅವಳ ಸಹಿಗೆ ಜಾಗ ಬಿಟ್ಟು ಹಳದಿ ಚೀಟಿ ಅಂಟಿಸಿದ್ದರು. 'ಇಂದೇ' ಎಂದು ನಿರ್ದೇಶಕರ ಕೈಬರಹ. ಅವಳು ಚೀಟಿಯನ್ನು ಕಿತ್ತು ಮೇಜಿನ ಅಡಿಗೆ ಅಂಟಿಸಿದಳು. ಅಲ್ಲಿ ಆಗಲೇ ಅಂಥವು ಒಂದು ಡಜನ್ ಇದ್ದವು.

ಗಜಕಡ್ಡಿ ಎಂದು ಹೆಸರಿಟ್ಟವರು ಕಚೇರಿಯವರು. ಹೊಗಳಿಕೆಗೆ ಇಟ್ಟದ್ದಲ್ಲ. ಕೇಬಲ್ ಹಾಕಿ ಮುಗಿಸಿದೆವು ಎಂದು ಯಾರಾದರೂ ಕಾಗದ ತಂದರೆ ಸಾಕು, ಅವಳು ಮೂಲೆಯಲ್ಲಿದ್ದ ಅಳತೆಚಕ್ರ ತೆಗೆದುಕೊಂಡು ಹೊರಟುಬಿಡುತ್ತಿದ್ದಳು. ಕೋಲಿನ ತುದಿಯಲ್ಲೊಂದು ಚಕ್ರ, ಚಕ್ರದ ಮೇಲೊಂದು ಅಂಕಿಪೆಟ್ಟಿಗೆ. ಅದನ್ನು ತಳ್ಳಿಕೊಂಡು ಹಾದಿಯುದ್ದಕ್ಕೂ ನಡೆದು, ಒಂದೊಂದು ಕೇಬಲ್ ಗುಂಡಿಯ ಮುಚ್ಚಳ ಎತ್ತಿ ನೋಡಿ, ಆಮೇಲೆ ಸಹಿ. ಇಪ್ಪತ್ತೆರಡು ವರ್ಷದಿಂದ ಹೀಗೆ. ಅವಳ ಚಪ್ಪಲಿ ಸವೆಯುವ ವೇಗ ನೋಡಿ ಮೂಲೆಯಂಗಡಿಯ ರಿಪೇರಿಯವನು ಅವಳನ್ನು ಅಂಚೆಯವಳು ಎಂದೇ ತಿಳಿದಿದ್ದ.

ಆದರೆ ಅವಳು ನೋಡಿಕೊಳ್ಳುತ್ತಿದ್ದದ್ದು ಮನೆಮನೆಗೆ ಸಿನಿಮಾ ತರುವ ಇಂಟರ್ನೆಟ್ ಅಲ್ಲ. ದೇಶದ ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು, ಪಾಠ ಹೇಳುವ ಆಸ್ಪತ್ರೆಗಳು ಇವನ್ನೆಲ್ಲ ಒಂದಕ್ಕೊಂದು ಕಟ್ಟಿ, ಬೇರೆ ದೇಶಗಳ ಅಂಥದೇ ಜಾಲಗಳಿಗೆ ಸೇರಿಸುವ ಬೆಳಕಿನ ದಾರಿ ಅದು. ಮನೆಯ ಸಂಪರ್ಕದಲ್ಲಿ ಹತ್ತು ದಿನ ಹಿಡಿಯುವ ಮಾಹಿತಿ ಇಲ್ಲಿ ಹತ್ತು ನಿಮಿಷದಲ್ಲಿ ಸಮುದ್ರ ದಾಟಿಬಿಡುತ್ತದೆ. ಆ ಹತ್ತು ನಿಮಿಷಕ್ಕಾಗಿ ಬದುಕುತ್ತಿದ್ದವರು ಹೊಳೆ ಮೇಡಂ.

ಹೊಳೆ ಮೇಡಂ ವಿಶ್ವವಿದ್ಯಾಲಯದಲ್ಲಿ ಪ್ರವಾಹದ ಸಂಶೋಧಕಿ. ಗುಡ್ಡದ ಮೇಲಿನ ಅವರ ಮಳೆ ರಡಾರ್ ಹಿಡಿದ ಮಾಹಿತಿಯೆಲ್ಲ ಹೊರದೇಶದ ದೊಡ್ಡ ಕಂಪ್ಯೂಟರಿಗೆ ಹೋಗಬೇಕು. ಅಷ್ಟು ದೊಡ್ಡ ಲೆಕ್ಕ ಮಾಡುವ ಯಂತ್ರ ಇಲ್ಲಿಲ್ಲ. ಅಲ್ಲಿಂದ ನಲವತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. ಹೊಳೆ ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಏರುತ್ತದೆ ಎಂಬ ಉತ್ತರ. ಎರಡು ವರ್ಷದ ಹಿಂದೆ ಹೊಳೆ ನಿಜವಾಗಿಯೂ ಏರಿದ ದಿನ, ಉತ್ತರ ಬರಲಿಲ್ಲ. ತೇಲಿ ಬಂದ ಮರದ ದಿಮ್ಮಿಗಳು ಸೇತುವೆಯ ಪಕ್ಕಕ್ಕೆ ಕಟ್ಟಿದ್ದ ಕಬ್ಬಿಣದ ಪೈಪಿಗೆ ಬಡಿದವು. ಪೈಪಿನೊಳಗಿದ್ದ ಕೇಬಲ್ ತುಂಡಾಯಿತು. ಇದ್ದದ್ದು ಅದೊಂದೇ ಕೇಬಲ್. ಕೆಳದಂಡೆಯ ಬೀದಿಯವರಿಗೆ ಎದ್ದು ಹೋಗಿ ಎಂದು ಹೇಳಬೇಕಾದ ಹೊತ್ತಿನಲ್ಲಿ ಹೊಳೆ ಮೇಡಂ ಖಾಲಿ ಸ್ಕ್ರೀನ್ ನೋಡುತ್ತ ಕುಳಿತಿದ್ದರು. ಏಳು ಜನ ನೀರುಪಾಲಾದರು.

ಹೊಳೆಯ ಸುದ್ದಿ ಹೇಳಬೇಕಾದ ತಂತಿಯನ್ನು ಹೊಳೆಯೇ ಮೊದಲು ಕಡಿಯುವ ಜಾಗದಲ್ಲಿ ಇಟ್ಟಿದ್ದರು. ಈ ಮಾತು ಯೋಚಿಸಿದಾಗಲೆಲ್ಲ ಗಜಕಡ್ಡಿಗೆ ಮೈ ಉರಿಯುತ್ತಿತ್ತು, ಯಾಕೆಂದರೆ ಆ ಮೊದಲ ಹಾದಿಗೆ ಸಹಿ ಹಾಕಿದವಳು ಅವಳೇ. ಆಗ ಎರಡನೆಯ ಹಾದಿ ಕೇಳುವ ನಿಯಮವೇ ಇರಲಿಲ್ಲ. ಏಳು ಜನ ಹೋದ ಮೇಲೆ ನಿಯಮ ಬಂತು. ಈ ಜಾಲಗಳನ್ನು ನಡೆಸುವ ಹೊರದೇಶಗಳ ಒಕ್ಕೂಟ ಖಡಾಖಂಡಿತವಾಗಿ ಹೇಳಿತು: ಎರಡನೆಯ ಕೇಬಲ್ ಬೇರೆ ಹಾದಿಯಲ್ಲೇ ಬರಬೇಕು. ಇಂಥ ಎರಡನೆಯ ಕೇಬಲ್ಲನ್ನು ಅವರು ದೇಶಕ್ಕೆ ಒಂದೇ ಸಲ ಕೊಡುತ್ತಾರೆ. ಕಾಗದದ ಮೇಲೆ ಸಹಿ ಬಿದ್ದರೆ ಮುಗಿಯಿತು, ಮೂರನೆಯದು ಯಾರೂ ಕೊಡುವುದಿಲ್ಲ.

ಅವಳು ಚಕ್ರ ತೆಗೆದುಕೊಂಡು ಹೊರಟಳು. ಸೇತುವೆಯ ಈಚೆ ತುದಿಯ ಗುಂಡಿಯ ಮುಚ್ಚಳವನ್ನು ಸಲಾಕೆಯಿಂದ ಮೀಟಿ ತೆಗೆದಳು. ಒಳಗೆ ಕಪ್ಪು ಕೇಬಲ್ ಒಂದು, ಪಕ್ಕದಲ್ಲಿ ಹೊಸ ಕಿತ್ತಳೆ ಕೇಬಲ್ ಒಂದು. ಎರಡೂ ಅಕ್ಕಪಕ್ಕ ಮಲಗಿ, ಒಟ್ಟಿಗೇ ಆ ಪೈಪಿನ ಬಾಯಿಯೊಳಗೆ ಹೋಗಿದ್ದವು. ಅವುಗಳ ನಡುವೆ ಎಂಬತ್ತು ಮೀಟರ್ ಹೋಗಲಿ, ಎಂಟು ಬೆರಳೂ ಇರಲಿಲ್ಲ. ಅವಳು ಫೋಟೋ ತೆಗೆದಳು. ಆಮೇಲೆ ನಕ್ಷೆಯ ಮೂಲೆಯಲ್ಲಿದ್ದ ಹೆಸರನ್ನು ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ, ಆ ಕೈಯನ್ನು ಅದು ಹುಟ್ಟಿದಂದಿನಿಂದ ಅವಳು ಬಲ್ಲಳು.

ನಕ್ಷೆ ಬರೆದವನು ಅವಳ ತಮ್ಮ. ಕೇಬಲ್ ಹಾಕಿದ ಕಂಪನಿಯಲ್ಲಿ ಅವನಿಗೆ ನಕ್ಷೆಯ ಕೆಲಸ. ಅವರ ಅಪ್ಪ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ರಜೆಯ ದಿನಗಳಲ್ಲಿ ಇಬ್ಬರನ್ನೂ ಕಂಬ ಎಣಿಸಲು ಕರೆದುಕೊಂಡು ಹೋಗುತ್ತಿದ್ದರು. ಒಂದು ಕಂಬ ನೋಡಿ ಮುಗಿದರೆ ಸ್ಪ್ಯಾನರಿನಿಂದ ಅದಕ್ಕೆ ಮೂರು ಏಟು, ಸ್ವಲ್ಪ ಬಿಟ್ಟು ಎರಡು ಏಟು. ಮುಂದಿನ ಕಂಬಕ್ಕೆ ನಡೆಯಿರಿ ಎಂದು ಅರ್ಥ. ಅಕ್ಕ ಕೊನೆಯ ಕಂಬದವರೆಗೂ ನಡೆಯುತ್ತಿದ್ದಳು. ತಮ್ಮ ಹದಿನಾಲ್ಕನೆಯ ಕಂಬದ ನೆರಳಿನಲ್ಲಿ ಕುಳಿತು, 'ಉಳಿದದ್ದು ಒಂಬತ್ತು ಇರಬಹುದು' ಎನ್ನುತ್ತಿದ್ದ. ಎಷ್ಟೋ ಸಲ ಅದು ಸರಿಯಾಗಿಯೂ ಇರುತ್ತಿತ್ತು, ಅದೇ ಅವನನ್ನು ಕೆಡಿಸಿದ್ದು.

ಅವಳು ಹೋದಾಗ ಅವನು ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಶುಕ್ರವಾರದ ಉದ್ಘಾಟನೆಗೆ.

"ಎಂಬತ್ತು ಮೀಟರ್ ಎಲ್ಲಿಂದ ಬಂತು?" ಎಂದಳು, ಚಪ್ಪಲಿ ಬಿಡದೆ.

ಅವನ ಮುಖ ಹುಳ್ಳಗಾಯಿತು. ಕೇಳಿದ್ದು ಏನೆಂದು ಅರ್ಥವಾಗಲಿಲ್ಲ ಎಂದು ನಟಿಸುವಷ್ಟು ನಾಚಿಕೆಗೆಟ್ಟವನಲ್ಲ. "ಅಕ್ಕ, ಕೂತ್ಕೋ. ಎರಡು ಗೆರೇನ ಒಂದರ ಮೇಲೊಂದು ಎಳೆದ್ರೆ ನಕ್ಷೇಲಿ ಒಂದೇ ಕಾಣ್ಸುತ್ತೆ. ಕಣ್ಣಿಗೆ ಬೀಳ್ಲಿ ಅಂತ ಸ್ವಲ್ಪ ಆಚೆ ಎಳೀತೀವಿ. ಎಲ್ಲಾರೂ ಹಾಗೇ ಮಾಡೋದು."

"ಸ್ವಲ್ಪ ಅಂದ್ರೆ?"

"ನಾಲ್ಕು ಮಿಲಿಮೀಟರ್."

ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಇಪ್ಪತ್ತು ಮೀಟರ್. ನಿರ್ದೇಶಕರ ಕಚೇರಿಯಲ್ಲಿ ಯಾರೋ ಪುಣ್ಯಾತ್ಮ ಕುರ್ಚಿ ಬಿಟ್ಟು ಏಳದೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟಿದ್ದ. ಕಣ್ಣಿಗೆ ಕಾಣಲೆಂದು ಬಿಟ್ಟ ಜಾಗವನ್ನು ಅಳೆದು ಇಪ್ಪತ್ತರಿಂದ ಗುಣಿಸಿದ್ದ. ಹಾಗೆ ಹುಟ್ಟಿತ್ತು ಎಂಬತ್ತು ಮೀಟರ್. ಒಂದು ಕ್ಷಣ ಅವಳಿಗೆ ನಗು ಬಂತು.

"ಹೊಳೆ ಮೇಲ್ಗಡೆ ಇರೋ ಹಳೇ ಸೇತುವೇಲಿ ಅಲ್ವಾ ಹಾಕ್ಬೇಕಾಗಿದ್ದು?"

"ಅದಕ್ಕೆ ಅನುಮತಿ ಬರೋಕೆ ಎಂಟು ತಿಂಗಳಂತೆ. ಕಂಪನಿಯವ್ರು ಇದೇ ಪೈಪಲ್ಲಿ ತೂರ್ಸಿ ಅಂದ್ರು. ನಕ್ಷೆ ಬರಿಯೋನು ನಾನು ಏನ್ ಮಾಡ್ಲಿ?"

"ಎಂಬತ್ತು ಅಂತ ಬರೆದಿದ್ದು ನಿನಗೆ ಯಾವಾಗ ಗೊತ್ತಾಯ್ತು?"

ಅವನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. ಅಂಗಿಯ ತೋಳಿನ ಮಡಿಕೆಯನ್ನು ಬೆರಳಿನಿಂದ ತೀಡಿದ. "ಹನ್ನೊಂದು ವಾರ ಆಯ್ತು. ಅಷ್ಟೊತ್ತಿಗೆ ನಿರ್ದೇಶಕರು ಒಕ್ಕೂಟಕ್ಕೆ ಕಳ್ಸಿಬಿಟ್ಟಿದ್ರು. ಈಗ ಬಾಯ್ಬಿಟ್ರೆ ಎಲ್ಲಾ ನನ್ನ ತಲೆಗೇ ಬರುತ್ತೆ, ಅಕ್ಕ."

"ಬರ್ಲಿ."

"ನೀನೇ ಹೀಗಂದ್ರೆ?"

"ಹನ್ನೊಂದು ವಾರದಲ್ಲಿ ಎಪ್ಪತ್ತೇಳು ದಿನ ಇದೆ ಕಣೋ. ಒಂದು ದಿನಾನಾದ್ರೂ ಆ ಕೆಳದಂಡೆ ಬೀದೀಲಿ ನಡ್ಕೊಂಡು ಹೋಗಿದ್ಯಾ? ಬೀಗ ಹಾಕಿರೋ ಮನೆ ಇದಾವೆ ಅಲ್ಲಿ. ಗೋಡೆ ಮೇಲೆ ನೀರಿನ ಗುರುತು ಇನ್ನೂ ಇದೆ, ನನ್ನ ಹಣೆಮಟ್ಟಕ್ಕೆ." ಅವಳು ಬಾಗಿಲ ಕಡೆ ತಿರುಗಿದಳು. "ನೀನು ಅಂಗಿ ಇಸ್ತ್ರಿ ಮಾಡ್ಕೋ."

ಅವನ ಮೇಲೆ ಅವಳಿಗಿದ್ದ ಸಿಟ್ಟು ಬೇರೆ ಯಾರ ಮೇಲಿನದಕ್ಕಿಂತಲೂ ದೊಡ್ಡದು. ಅವನನ್ನು ಎತ್ತಿ ಆಡಿಸಿದ್ದಳು, ಅವನ ಹೋಂವರ್ಕ್ ಬರೆದುಕೊಟ್ಟಿದ್ದಳು. ಬಹುಶಃ ಆ ಹೋಂವರ್ಕ್ ಬರೆದುಕೊಟ್ಟದ್ದೇ ತಪ್ಪಾಯಿತು.

ನಿರ್ದೇಶಕರು ಅವಳು ತೆಗೆದ ಫೋಟೋವನ್ನು ಕನ್ನಡಕ ತೆಗೆದು ನೋಡಿದರು, ಕನ್ನಡಕ ಹಾಕಿ ನೋಡಿದರು.

"ಇದು ಯಾವುದೋ ಗುಂಡಿ," ಎಂದರು.

"ಸೇತುವೆ ಗುಂಡಿ ಸಾರ್. ನಡೀರಿ ತೋರಿಸ್ತೀನಿ. ಅರ್ಧ ಗಂಟೆ ದಾರಿ."

"ನೋಡಿ, ದಾಖಲೆ ಅಂದ್ರೆ ನಕ್ಷೆ. ನಕ್ಷೇಲಿ ಎರಡು ಗೆರೆ ಇದಾವೆ. ನಡುವೆ ಜಾಗ ಇದೆ. ಒಕ್ಕೂಟದವರು ಒಪ್ಪಿದಾರೆ. ಶುಕ್ರವಾರ ಅವರ ಪರಿಶೀಲಕರು ಬರ್ತಾರೆ, ನಾವು ಬಟನ್ ಒತ್ತುತ್ತೀವಿ, ಚಪ್ಪಾಳೆ ಹೊಡೀತೀವಿ. ಸೇತುವೆ ವಿಷ್ಯ ಮುಂದೆ ನಿಧಾನವಾಗಿ ನೋಡೋಣ."

"ಮಳೆ ನಿಧಾನವಾಗಿ ಬರುತ್ತಾ ಸಾರ್?"

ಅವರಿಗೆ ಅವಳ ಮೇಲೆ ಸಿಟ್ಟು ಕೂಡ ಬರಲಿಲ್ಲ. ಅದೇ ಅವಳನ್ನು ಸುಟ್ಟದ್ದು. ತಿಪ್ಪೆ ಸಾರಿಸುವುದರಲ್ಲಿ ಕೈ ಪಳಗಿದ ಮನುಷ್ಯ; ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದು. "ನಿಮಗೆ ದಣಿವಾಗಿದೆ," ಎಂದರು. "ಶುಕ್ರವಾರ ರಜೆ ತಗೊಳ್ಳಿ. ಸಹಿ ಬೇರೆಯವರ ಕೈಲಿ ಹಾಕಿಸ್ತೀನಿ. ನಿಮ್ಮ ತಮ್ಮನ ವಿಷಯಾನೂ ಸ್ವಲ್ಪ ಯೋಚನೆ ಮಾಡಿ."

ಅಂದರೆ ಅವರಿಗೂ ಎಲ್ಲವೂ ಗೊತ್ತಿತ್ತು. ಕುಟುಂಬದ ಮರ್ಯಾದೆಯನ್ನೇ ಅವಳ ಬಾಯಿಗೆ ಬೀಗವಾಗಿ ಹಾಕಿದ್ದರು.

ಪರಿಶೀಲಕರಿಗೆ ಪತ್ರ ಬರೆಯಬಹುದಿತ್ತು. ಬರೆದರೆ ಅವರು ನಿರ್ದೇಶಕರನ್ನು ಕೇಳುತ್ತಾರೆ, ನಿರ್ದೇಶಕರು ನಕ್ಷೆ ತೋರಿಸುತ್ತಾರೆ. ಕಾಗದಕ್ಕೆ ಕಾಗದ. ಆ ಆಟದಲ್ಲಿ ನಿರ್ದೇಶಕರನ್ನು ಸೋಲಿಸಿದವರು ಯಾರೂ ಇಲ್ಲ. ತೋರಿಸಬೇಕಾದದ್ದು ಕಾಗದವಲ್ಲ, ಕೇಬಲ್ಲೇ ಬಂದು ಬಾಯಿಬಿಟ್ಟು ಹೇಳಬೇಕು. ಗುರುವಾರ ಮಧ್ಯಾಹ್ನ ಸಭಾಕೋಣೆಯ ಮುಂದೆ ಹಾದುಹೋಗುವಾಗ ಅವಳು ಅಲ್ಲಿ ಉದ್ಘಾಟನೆಗೆಂದು ಗೋಡೆಗೆ ಹಾಕುತ್ತಿದ್ದ ದೊಡ್ಡ ಸ್ಕ್ರೀನ್ ನೋಡಿ ನಿಂತಳು. ಮೇಲೆ ಮೊದಲ ಕೇಬಲ್ಲಿನ ಹಸಿರು ಗೆರೆ, ಕೆಳಗೆ ಎರಡನೆಯದರ ಹಸಿರು ಗೆರೆ. ಒಳಗೆ ಹರಿಯುವ ಬೆಳಕು ಎಷ್ಟು ಸ್ಥಿರವಾಗಿದೆ ಎಂದು ತೋರಿಸುವ ಗೆರೆಗಳು. ಕೇಬಲ್ಲಿಗೆ ಎಲ್ಲಿಯಾದರೂ ಪೆಟ್ಟು ಬಿದ್ದರೆ ಗಾಜಿನ ಎಳೆ ನಡುಗುತ್ತದೆ, ಬೆಳಕು ತುಸು ತಿರುಚಿಕೊಳ್ಳುತ್ತದೆ, ಗೆರೆ ಕುಣಿಯುತ್ತದೆ. ಕೆಲಸಕ್ಕೇನೂ ತೊಂದರೆಯಿಲ್ಲ, ಆದರೆ ಕುಣಿದದ್ದು ಕಾಣುತ್ತದೆ. ನಿರ್ದೇಶಕರು ಅಲಂಕಾರಕ್ಕೆಂದು ಹಾಕಿಸಿದ ಸ್ಕ್ರೀನ್ ಅದು.

ಅವಳು ಹೊಳೆ ಮೇಡಂಗೆ ಫೋನ್ ಮಾಡಿದಳು. ಶುಕ್ರವಾರದ ಸಭೆಗೆ ಅವರಿಗೆ ಕರೆಯಿತ್ತು. ಮಳೆಯ ಮಾಹಿತಿ ಸಮುದ್ರ ದಾಟುವುದನ್ನು ತೋರಿಸುವವರು ಅವರೇ.

"ಹನ್ನೊಂದು ಗಂಟೆಗೆ ಎರಡೂ ಗೆರೆ ಮೇಲೆ ಕಣ್ಣಿಡಿ," ಎಂದಳು. "ಎರಡೂ ಒಟ್ಟಿಗೇ ಕುಣಿದ್ರೆ, ಎರಡೂ ಒಂದೇ ಪೈಪಲ್ಲಿವೆ ಅಂತ ಪರಿಶೀಲಕರಿಗೆ ಹೇಳಿ."

"ನೀವೆಲ್ಲಿರ್ತೀರಿ?"

"ನಾನು ರಜೆ ಮೇಲಿರ್ತೀನಿ."

"ಜೋರಾಗಿ ಹೊಡೀರಿ," ಎಂದರು ಹೊಳೆ ಮೇಡಂ.

ಶುಕ್ರವಾರ ಹತ್ತೂಮುಕ್ಕಾಲಿಗೆ ಅವಳು ಸೇತುವೆಯ ಪಕ್ಕದ ಕಬ್ಬಿಣದ ಮೆಟ್ಟಿಲು ಇಳಿದು, ರಿಪೇರಿಯವರು ಓಡಾಡುವ ಸಣ್ಣ ಹಲಗೆಯ ಮೇಲೆ ನಿಂತಳು. ಸೊಂಟದ ಎತ್ತರಕ್ಕೆ ಆ ಪೈಪು. ಎರಡು ವರ್ಷದ ಹಿಂದೆ ದಿಮ್ಮಿ ಬಡಿದ ಕಡೆ ತೇಪೆ ಹಾಕಿ ಬಣ್ಣ ಬಳಿದಿದ್ದರು. ಕೆಳಗೆ ಹೊಳೆ, ಈ ದಿನ ಏನೂ ಗೊತ್ತಿಲ್ಲದಂತೆ ತೆಳ್ಳಗೆ ಹರಿಯುತ್ತಿತ್ತು. ಕೈಯಲ್ಲಿದ್ದದ್ದು ಮರದ ಸುತ್ತಿಗೆ. ಎಷ್ಟೇ ಸಿಟ್ಟಿದ್ದರೂ ಕೇಬಲ್ಲಿಗೆ ಗಾಯ ಮಾಡುವವಳಲ್ಲ ಅವಳು.

ಹನ್ನೊಂದಕ್ಕೆ ಸರಿಯಾಗಿ ಮೊದಲ ಏಟು ಹಾಕಿದಳು. ಕೈ ತಾನಾಗಿಯೇ ಅಪ್ಪನ ಲೆಕ್ಕ ಹಿಡಿಯಿತು. ಮೂರು, ಬಿಡು, ಎರಡು. ಪೈಪು ಸೇತುವೆಯುದ್ದಕ್ಕೂ ಗುಂಯ್ಗುಟ್ಟಿತು. ಮೂರು, ಬಿಡು, ಎರಡು. ಇಷ್ಟು ಸಾಕು ಎಂದುಕೊಂಡಳು, ಆದರೆ ಸಾಕಾಗಲಿಲ್ಲ. ಒಂದು ಸುತ್ತು ಕುರ್ಚಿ ಬಿಟ್ಟು ಏಳದ ಆ ಸ್ಕೇಲಿನವನಿಗೆ. ಒಂದು 'ಇಂದೇ' ಎಂಬ ಹಳದಿ ಚೀಟಿಗೆ. ಎಂಟು ತಿಂಗಳು ಕಾಯಲಾರದ ಕಂಪನಿಗೆ ಒಂದು. ಎಪ್ಪತ್ತೇಳು ದಿನ ಬಾಯಿ ಮುಚ್ಚಿಕೊಂಡು ಊಟ ಮಾಡಿದ, ನಿದ್ದೆ ಮಾಡಿದ, ಅವಳ ಮನೆಗೆ ಬಂದು ಚಹಾ ಕುಡಿದು ಹೋದ ತಮ್ಮನಿಗೆ ಎಷ್ಟು ಹಾಕಿದಳೋ ಲೆಕ್ಕವಿಲ್ಲ. ಕೊನೆಗೆ, ನಿಯಮ ಕೇಳದಿದ್ದರೇನು, ಕಣ್ಣಿಗೆ ಕಂಡದ್ದನ್ನು ಹೇಳಬಹುದಿತ್ತಲ್ಲ ಎಂದು, ಹಳೆಯ ಸಹಿ ಹಾಕಿದ ತನ್ನ ಬಲಗೈಗೇ ನೋಯುವಂತೆ ಹೊಡೆದಳು.

ಮೇಲೆ ಸೈಕಲ್ಲಿನವನೊಬ್ಬ ಕಾಲೂರಿ ಬಗ್ಗಿ ನೋಡಿದ. "ಆ ಪೈಪ್ ಏನಮ್ಮ ತಪ್ಪು ಮಾಡ್ತು?"

"ಇದರಲ್ಲಿ ತಪ್ಪು ಮಾಡದೇ ಇರೋದು ಪೈಪ್ ಒಂದೇ," ಎಂದಳು, ನಿಲ್ಲಿಸದೆ.

ಹನ್ನೊಂದೂ ಕಾಲಿಗೆ ಫೋನ್ ಬಂತು. ಹೊಳೆ ಮೇಡಂ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಕಾರಿಡಾರಿನಿಂದ ಇರಬೇಕು.

"ಸಾಕು ನಿಲ್ಲಿಸಿ. ಮುಗೀತು."

"ಕುಣೀತಾ?"

"ಎರಡೂ ಒಟ್ಟಿಗೆ. ಪರಿಶೀಲಕರು ಇದೇನು ಅಂತ ಕೇಳಿದ್ರು. ನಾನು ಬಾಯಿ ತೆರೆಯೋ ಮೊದ್ಲೇ ನಿರ್ದೇಶಕರು, ಏನಿಲ್ಲ, ರಸ್ತೆ ಮೇಲೆ ಲಾರಿ ಹೋಗ್ತಿದೆ, ಎರಡೂ ಕಡೆ ರಸ್ತೆ ಇದೆ ಅಂದ್ಬಿಟ್ರು. ನಾನು ಒಂದೇ ಪೈಪು ಅಂದೆ. ಮೇಡಂ ಮಳೆ ತಜ್ಞೆ, ಕೇಬಲ್ ಬಗ್ಗೆ ಅವರಿಗೇನು ಗೊತ್ತು ಅಂತ ನಕ್ಕರು. ಪರಿಶೀಲಕರೂ ತಲೆ ಆಡಿಸಿದ್ರು ನೋಡಿ. ನನಗೆ ಎದೆ ಒಡೆದ ಹಾಗಾಯ್ತು."

"ಆಮೇಲೆ?"

"ಹಿಂದಿನ ಸಾಲಲ್ಲಿ ನಿಮ್ಮ ತಮ್ಮ ಎದ್ದು ನಿಂತ. ಸ್ಕ್ರೀನ್ ನೋಡ್ತಾನೇ ಇದ್ದ ಅವನು, ತುಂಬಾ ಹೊತ್ತಿಂದ. ಲಾರಿಗೆ ಎಣಿಸೋಕೆ ಬರಲ್ಲ ಸಾರ್ ಅಂದ. ಮೂರು, ಎರಡು, ಮೂರು, ಎರಡು. ಅದು ಲಾರಿ ಅಲ್ಲ, ನಮ್ಮಕ್ಕ. ಸೇತುವೆ ಪೈಪಿನ ಮೇಲೆ ಹೊಡೀತಿದಾಳೆ ಅಂದ. ನಕ್ಷೇಲಿರೋ ಎಂಬತ್ತು ಮೀಟರ್ ನೆಲದ ಮೇಲಿಲ್ಲ, ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ, ಅಂದ. ಎಲ್ಲರೆದುರಿಗೆ."

ಅವಳು ಪೈಪಿಗೆ ಒರಗಿದಳು. ಅದು ಇನ್ನೂ ಸಣ್ಣಗೆ ನಡುಗುತ್ತಿತ್ತು.

ಪರಿಶೀಲಕರು ಸಹಿ ಹಾಕದೆ ಪೆನ್ನಿನ ಕ್ಯಾಪ್ ಮುಚ್ಚಿ ಜೇಬಿಗಿಟ್ಟುಕೊಂಡರಂತೆ. ಮೇಲಿನ ಸೇತುವೆಯ ಹಾದಿಯಲ್ಲಿ ಕೇಬಲ್ ಬಂದು, ಅಲ್ಲಿಯವರೆಗೆ ಯಾರಾದರೂ ನಡೆದು ಅಳೆದ ಮೇಲೆಯೇ ಮತ್ತೆ ಬರುತ್ತೇನೆ ಎಂದರಂತೆ. ನಿರ್ದೇಶಕರು ಅಲ್ಲೇ, ಅದೇ ಶಾಂತ ಮುಖದಲ್ಲಿ, ನಕ್ಷೆ ಬರೆದವನೇ ಎಲ್ಲಕ್ಕೂ ಹೊಣೆ ಎಂದು ಹೇಳಿ ಕೈ ತೊಳೆದುಕೊಂಡರು. ಇದನ್ನೂ ಹೊಳೆ ಮೇಡಂ ಹೇಳಿದರು. ಗಜಕಡ್ಡಿಗೆ ಆಶ್ಚರ್ಯವಾಗಲಿಲ್ಲ. ಆ ಕೈಗಳು ಯಾವಾಗಲೂ ಸ್ವಚ್ಛ.

ಅವಳು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ತಮ್ಮನ ಸ್ಕೂಟರ್ ಬಂತು. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವನು ಇಳಿದು, ಏನಾದರೂ ಹೇಳುತ್ತಾಳೆಯೇ ಎಂದು ನೋಡಿದ. ಬೆನ್ನು ತಟ್ಟಬೇಕೆಂದು ಕೈ ಒಂದು ಸಲ ಎದ್ದದ್ದು ನಿಜ, ಆದರೆ ಆ ಎಪ್ಪತ್ತೇಳು ದಿನ ಇನ್ನೂ ನಡುವೆ ನಿಂತಿದ್ದವು.

"ಕಂಪನಿಯವ್ರು ಸೋಮವಾರದಿಂದ ಬರಬೇಡ ಅಂದ್ರು," ಎಂದ.

"ಒಳ್ಳೇದಾಯ್ತು. ಪುರುಸೊತ್ತಾಯ್ತು." ಬೆಳಿಗ್ಗೆ ತಂದು ಸೇತುವೆಯ ಕಂಬಿಗೆ ಒರಗಿಸಿದ್ದ ಅಳತೆಚಕ್ರವನ್ನು ಅವನ ಕಡೆ ದೂಡಿದಳು. "ಮೇಲಿನ ಸೇತುವೆಗೆ ಎಷ್ಟು ದೂರ?"

"ಹದಿನಾಲ್ಕು ಕಿಲೋಮೀಟರ್ ಇರಬಹು—"

"ಇರಬಹುದು ಅಂತ ಇನ್ನೊಂದು ಸಲ ಅಂದ್ರೆ ಹೊಳೆಗೆ ತಳ್ತೀನಿ."

ಅವನು ಅಂಕಿಪೆಟ್ಟಿಗೆಯನ್ನು ತಿರುಗಿಸಿ ಸೊನ್ನೆಗೆ ತಂದ. ಸೇತುವೆಯ ಬದಿಯಿಂದ ದಂಡೆಯ ಕಾಲುದಾರಿಗೆ ಇಳಿದು, ಹೊಳೆ ಹರಿದು ಬರುವ ದಿಕ್ಕಿಗೆ ಚಕ್ರ ತಳ್ಳಲಾರಂಭಿಸಿದ. ಅವಳು ಸುತ್ತಿಗೆ ಹಿಡಿದುಕೊಂಡೇ ಹಿಂದೆ ನಡೆದಳು. ಚಕ್ರ ಟಿಕ್ ಟಿಕ್ ಎಂದು ಒಂದೊಂದೇ ಮೀಟರ್ ಎಣಿಸುತ್ತಿತ್ತು. ಸ್ವಲ್ಪ ದೂರ ಹೋಗಿ ಅವನು ತಟಕ್ಕನೆ ನಿಂತ. ಪೆಟ್ಟಿಗೆಯಲ್ಲಿ ಎಂಬತ್ತು ಎಂದಿತ್ತು.

ಅವನು ಹಿಂತಿರುಗಿ ನೋಡಿದ. ಸೇತುವೆ ಅಲ್ಲೇ ಹಿಂದೆ ಉಳಿದಿತ್ತು, ಅದರ ಪಕ್ಕದ ಪೈಪು ಒಂದು ಗೆರೆಯಷ್ಟು ಕಾಣುತ್ತಿತ್ತು. ಆಮೇಲೆ ಪಕ್ಕಕ್ಕೆ ತಿರುಗಿ, ತಾನು ಗೆರೆ ಎಳೆದ ಜಾಗದಲ್ಲಿ ಏನಿದೆ ಎಂದು ನೋಡಿದ. ಈ ದಂಡೆಯಿಂದ ಆ ದಂಡೆಯವರೆಗೆ ಬರೀ ನೀರು. ಆಚೆ ಕೆಳದಂಡೆಯಲ್ಲಿ ಬಾಗಿಲು ಹಾಕಿದ ಮನೆಗಳ ಸಾಲು. ಅವನು ತುಂಬಾ ಹೊತ್ತು ಅಲ್ಲಿಂದ ಕಣ್ಣು ಕೀಳಲಿಲ್ಲ.

"ಅಕ್ಕ, ಇಲ್ಲಿ ಏನೂ ಇಲ್ಲ," ಎಂದ.

"ಇಲ್ಲ," ಎಂದಳು. "ನಡಿ."